ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬಹುದು?

ಇಟಲಿಯ ರೆನೈಸಾನ್ಸ್ (ಪುನರುಜ್ಜೀವನ ಕಾಲದ) ಕಲೆಯನ್ನು ಕಣ್ಣಾರೆ ಕಂಡು ಕಲಿಯಲು ಹೊರಟ ವಿದ್ಯಾರ್ಥಿಗಳು ಈಗ ದುಡ್ಡಿನ ಜೊತೆಗೆ ನಿಮಿಷಗಳ ಲೆಕ್ಕವನ್ನೂ ಹಾಕಬೇಕು. ಮಿಲಾನ್‌ನಲ್ಲಿ ಲಿಯೊನಾರ್ಡೊನ ‘ಕೊನೆಯ ಭೋಜನ’ದ ಮುಂದೆ ಸಿಗುವುದು 15 ನಿಮಿಷ. ಟಿಕೆಟ್ಟನ್ನು ಬಹಳ ಮುಂಚೆಯೇ ಕಾಯ್ದಿರಿಸಬೇಕು. ಪ್ರವಾಸಿಗರ ನೂಕುನುಗ್ಗಲು ಇದಕ್ಕೆ ಒಂದು ಕಾರಣ ಮಾತ್ರ. ಇನ್ನೊಂದು ಕಾರಣ ಆ ಚಿತ್ರಗಳನ್ನು ಉಳಿಸಿಕೊಂಡ ಕತೆಯಲ್ಲಿದೆ.

ಕಲಿಕೆಗಾಗಿ ಇಟಲಿಗೆ ಹೋಗುವ ರೂಢಿ ಹಳೆಯದು. 17 ಮತ್ತು 18ನೇ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ಬೋಧಕರ ಜೊತೆ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಫ್ಲಾರೆನ್ಸ್ ನಗರವನ್ನು ಆಳುತ್ತಿದ್ದ ಮೆದಿಚಿ ವಂಶದ ಕೊನೆಯವಳಾದ ಆನ್ನಾ ಮರಿಯಾ ಲೂಯಿಸಾ, ಮನೆತನದ ಕಲಾಸಂಗ್ರಹ ಫ್ಲಾರೆನ್ಸ್ ಬಿಟ್ಟು ಹೋಗಕೂಡದೆಂದು 1737ರಲ್ಲಿ ಒಪ್ಪಂದ ಮಾಡಿಸಿದಳು. 1769ರಲ್ಲಿ ಆ ಊರಿನ ಉಫಿಜಿ ಕಲಾಸಂಗ್ರಹಾಲಯ ಸಾರ್ವಜನಿಕರಿಗೆ ತೆರೆಯಿತು. 1864ರಲ್ಲಿ ಥಾಮಸ್ ಕುಕ್ ಇಟಲಿಗೆ ಗುಂಪು ಪ್ರವಾಸ ಆರಂಭಿಸಿದ. 1931ರ ಹೊತ್ತಿಗೆ ಅಮೆರಿಕದ ಸ್ಮಿತ್ ಕಾಲೇಜು ತನ್ನ ವಿದ್ಯಾರ್ಥಿನಿಯರನ್ನು ಓದಲು ಫ್ಲಾರೆನ್ಸ್‌ಗೆ ಕಳುಹಿಸತೊಡಗಿತ್ತು.

1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಫ್ಲಾರೆನ್ಸ್ ಊರೊಳಗೆ ನುಗ್ಗಿತು. ಸಾಂತಾ ಕ್ರೋಚೆ ಚರ್ಚಿನ ಆವರಣದಲ್ಲಿದ್ದ, ಹಳೆಯ ಚಿತ್ರಕಾರ ಚಿಮಾಬುವೆ ಚಿತ್ರಿಸಿದ ಶಿಲುಬೆಯ ಬಣ್ಣ ಬಹುಪಾಲು ಕಳಚಿ ಹೋಯಿತು. ರಾಷ್ಟ್ರೀಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕಗಳು ಕೆಸರಿನಲ್ಲಿ ಹೂತವು. ದೇಶವಿದೇಶಗಳ ಯುವಕ ಯುವತಿಯರು ಸಾಲಾಗಿ ನಿಂತು ಆ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ಊರಿನವರು ಅವರನ್ನು ‘ಕೆಸರಿನ ದೇವದೂತರು’ ಎಂದೇ ಕರೆದರು. ಕಲಾಕೃತಿ ಎಷ್ಟು ಬೇಗ ನಾಶವಾಗಬಲ್ಲದು ಎಂಬುದು ಆ ದಿನಗಳಲ್ಲಿ ಎಲ್ಲರಿಗೂ ಮನದಟ್ಟಾಯಿತು. ಸಂರಕ್ಷಣೆಯ ವಿಧಾನಗಳು ಬೆಳೆದವು, ಅವುಗಳ ಜೊತೆ ಎಚ್ಚರಿಕೆಯೂ ಬೆಳೆಯಿತು.

ಇದರ ಪರಿಣಾಮ ಸ್ಪಷ್ಟವಾಗಿ ಕಾಣುವುದು ಫ್ಲಾರೆನ್ಸ್‌ನ ಕಾರ್ಮಿನೆ ಚರ್ಚಿನ ಬ್ರಾಂಕಾಚ್ಚಿ ಚಾಪೆಲ್ ಎಂಬ ಪ್ರಾರ್ಥನಾ ಕೋಣೆಯಲ್ಲಿ. 1420ರ ದಶಕದಲ್ಲಿ ಮಸೊಲಿನೊ ಮತ್ತು ಮಸಾಚ್ಚೊ ಇಲ್ಲಿನ ಗೋಡೆಗಳಿಗೆ ಭಿತ್ತಿಚಿತ್ರ ಬರೆದರು. ಅವರು ಬಿಟ್ಟುಹೋದದ್ದನ್ನು ಮುಂದೆ ಫಿಲಿಪ್ಪಿನೊ ಲಿಪ್ಪಿ ಪೂರ್ಣಗೊಳಿಸಿದ. ತರುಣ ಮೈಕೆಲೆಂಜೆಲೊ ಇಲ್ಲಿಯೇ ಕುಳಿತು ಮಸಾಚ್ಚೊನ ಆಕೃತಿಗಳನ್ನು ನಕಲು ಮಾಡಿ ಕೈ ಪಳಗಿಸಿಕೊಂಡ. ನೋಡಿ ಬರೆಯುವುದು, ತಪ್ಪಿದರೆ ಮತ್ತೆ ನೋಡಿ ಬರೆಯುವುದು: ಇದು ಗಂಟೆಗಳನ್ನು ಕೇಳುವ ಕೆಲಸ. 17ನೇ ಶತಮಾನದ ಕೊನೆಯ ಭಾಗದಲ್ಲಿ ಈಡನ್ ತೋಟದಿಂದ ಹೊರದಬ್ಬಿಸಿಕೊಂಡ ಬೆತ್ತಲೆ ಆಡಂ ಮತ್ತು ಈವ್ ಸೊಂಟಕ್ಕೆ ಯಾರೋ ಎಲೆಗಳನ್ನು ಬರೆದರು. 1771ರಲ್ಲಿ ಚರ್ಚಿಗೆ ಬೆಂಕಿ ಬಿದ್ದಾಗ ಗೋಡೆಗಳಿಗೆ ಮಸಿ ಹಿಡಿಯಿತು. 1980ರ ದಶಕದ ಶುಚಿಗೊಳಿಸುವಿಕೆಯಲ್ಲಿ ಮಸಿಯೂ ಹೋಯಿತು, ಎಲೆಗಳೂ ಹೋದವು. ತಿಳಿ ಗುಲಾಬಿ, ಹಸಿರು, ನೀಲಿ ಬಣ್ಣಗಳು ಎದ್ದು ಬಂದವು. ಕೈಗಳಲ್ಲಿ ಮುಖ ಮುಚ್ಚಿಕೊಂಡ ಆಡಂ, ಬಾಯಿ ತೆರೆದು ಗೋಳಿಡುವ ಈವ್ ಮಸಾಚ್ಚೊ ಬರೆದಂತೆಯೇ ಮತ್ತೆ ಕಂಡರು.

ಆದರೆ ಹೀಗೆ ಹೊರಬಂದ ಬಣ್ಣಕ್ಕೆ ನೋಡುಗರ ಉಸಿರಿನ ತೇವ, ಬಟ್ಟೆಯ ಧೂಳು ಒಳ್ಳೆಯದಲ್ಲ. ಹಾಗಾಗಿ ಒಳಗೆ ಬಿಡುವ ಜನರ ಸಂಖ್ಯೆಗೂ ಅವರು ನಿಲ್ಲುವ ಹೊತ್ತಿಗೂ ಮಿತಿ ಬಂತು. ಮಿತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಟೊ ತೆಗೆದು ಹೊರಡುವವರಿಗೂ ಪೆನ್ಸಿಲ್ ಹಿಡಿದು ಬಂದವರಿಗೂ ಒಂದೇ ಗಡಿಯಾರ ಎನ್ನುವುದನ್ನು ಒಪ್ಪುವುದು ಕಷ್ಟ.

ಚಿತ್ರದ ಮುಂದೆ ನಿಂತು ವಿವರಿಸುವವರಿಗೆ ಕಾನೂನಿನ ತೊಡಕು ಬೇರೆಯೇ ಇದೆ. ಯುರೋಪಿಯನ್ ಸಮುದಾಯದ ಬೇರೆ ಸದಸ್ಯ ದೇಶದಿಂದ ಗುಂಪಿನೊಂದಿಗೆ ಬರುವ ಮಾರ್ಗದರ್ಶಕರಿಗೆ ಇಟಲಿ ಪರವಾನಗಿ ಕಡ್ಡಾಯ ಮಾಡಿದ್ದು ತಪ್ಪೆಂದು 1991ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಆದರೆ ಪರಿಣತ ಮಾರ್ಗದರ್ಶಕರೇ ಬೇಕಾದ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳನ್ನು ಆ ತೀರ್ಪಿನಿಂದ ಹೊರಗಿಟ್ಟಿತು. ಕಲೆ ಇರುವುದೇ ಅಲ್ಲಿ! 2023ರ ಡಿಸೆಂಬರ್‌ನಲ್ಲಿ ಮಾರ್ಗದರ್ಶಕರ ವೃತ್ತಿಗೆ ಇಡೀ ದೇಶಕ್ಕೆ ಅನ್ವಯಿಸುವ ಹೊಸ ಕಾನೂನು ಬಂದಿದೆ. ಅದೇ ವರ್ಷ ಫ್ಲಾರೆನ್ಸ್ ತನ್ನ ಹಳೆಯ ಪೇಟೆಯಲ್ಲಿ ಪ್ರವಾಸಿಗರಿಗೆ ಅಲ್ಪಾವಧಿಗೆ ಮನೆ ಕೊಡುವ ಹೊಸ ಬಾಡಿಗೆಗಳನ್ನು ನಿಷೇಧಿಸಿತು. ವಿದ್ಯಾರ್ಥಿಗಳಿಗೂ ಊರಿನವರಿಗೂ ಮನೆ ಸಿಗಲಿ ಎಂಬುದು ಅದರ ಆಶಯವಾಗಿತ್ತು.

ಒಂದು ಸೆಮಿಸ್ಟರ್ ಅಲ್ಲಿಯೇ ಉಳಿಯುವವರು ಅದೇ ಚಿತ್ರಕ್ಕೆ ಮತ್ತೆ ಮತ್ತೆ ಮರಳಬಹುದು. ನಾಲ್ಕಾರು ದಿನಕ್ಕೆ ಬರುವ ತಂಡಗಳಿಗೆ ಆ ಅನುಕೂಲವಿಲ್ಲ. ಅಂಥವರು ಪಟ್ಟಿ ಮುಗಿಸುವ ಆತುರ ಬಿಟ್ಟು, ಸನ್ಯಾಸಿ ಚಿತ್ರಕಾರ ಫ್ರಾ ಆಂಜೆಲಿಕೊನ ಚಿತ್ರಗಳಿರುವ ಫ್ಲಾರೆನ್ಸ್‌ನ ಸಾನ್ ಮಾರ್ಕೊ ಮಠದ ಕೋಣೆಗಳಿಗೆ ಒಂದು ಬೆಳಿಗ್ಗೆಯನ್ನೇ ಕೊಟ್ಟರೆ ಹೆಚ್ಚು ಕಲಿಯುತ್ತಾರೆ. ಬ್ರಾಂಕಾಚ್ಚಿಯಂಥ ಕಡೆಗಳಲ್ಲಿ ವಾರಕ್ಕೊಮ್ಮೆಯಾದರೂ, ಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಒಂದು ಪೂರ್ತಿ ಗಂಟೆ ಮೀಸಲಿಟ್ಟರೆ ಗೋಡೆಯ ಮೇಲಿನ ಹೊರೆ ಹೆಚ್ಚುವುದಿಲ್ಲ.