ಒಂದು ಸೆಕೆಂಡಿನ ಲೆಕ್ಕ: ನಾಯಿಗೆ ಕಲಿಸಲು ಏನೇನು ಬೇಕು?

ನಾಯಿಗೆ ಕೂತ್ಕೋ ಅಂತೀರಿ. ಅದು ಕೂರುತ್ತದೆ. ಭೇಷ್ ಅನ್ನುತ್ತಾ ನೀವು ಜೇಬಿಗೆ ಕೈ ಹಾಕುತ್ತೀರಿ. ಬಿಗಿ ಜೇಬು, ಒಳಗೆ ಪ್ಲಾಸ್ಟಿಕ್ ಕವರು, ಕವರಿಗೆ ಗಂಟು. ಗಂಟು ಬಿಚ್ಚುವಷ್ಟರಲ್ಲಿ ನಾಯಿ ಎದ್ದು ಬಂದು ಜೇಬಿಗೆ ಮೂತಿ ಒತ್ತಿ ನಿಂತಿರುತ್ತದೆ. ಆಗ ತಿಂಡಿ ಕೊಡುತ್ತೀರಿ. ನಿಮ್ಮ ಲೆಕ್ಕದಲ್ಲಿ ಅದು ಕೂತಿದ್ದಕ್ಕೆ ಸಿಕ್ಕ ಬಹುಮಾನ. ನಾಯಿಯ ಲೆಕ್ಕದಲ್ಲಿ ಎದ್ದು ಬಂದು ಜೇಬು ಮೂಸಿದ್ದಕ್ಕೆ ಸಿಕ್ಕಿದ್ದು. ನಾಳೆ ಅದು ಇನ್ನೂ ಬೇಗ ಎದ್ದು ಬರುತ್ತದೆ, ನಾವು ಅದನ್ನು ದಡ್ಡ ಅಂತ ಬೈಯುತ್ತೇವೆ. ಪಾಪ, ಅದು ಪಾಠವನ್ನು ಸರಿಯಾಗಿಯೇ ಕಲಿತಿದೆ ಅಲ್ವಾ?

ಬಹುಮಾನ ಕೊಟ್ಟು ಕಲಿಸುವ ಪದ್ಧತಿಗೆ ಬೇಕಾದ ಸಾಮಾನುಗಳಲ್ಲಿ ಮುಖ್ಯವಾದವು ಇರುವುದು ಈ ತೊಂದರೆ ನೀಗಿಸಲಿಕ್ಕೇ. ನೋಡಿದರೆ ನಾಯಿಗಿಂತ ನಮಗೇ ಅವು ಜಾಸ್ತಿ ಬೇಕು. ನಮ್ಮ ಕೈ ನಿಧಾನ, ನಾಯಿ ಚುರುಕು.

ಹಿಂದಿರುವ ವಿಜ್ಞಾನ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಅವು ಬಾಗಿಲು ತೆರೆದು ಹೊರಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದು, ಅದನ್ನು 1898ರಲ್ಲಿ ಪ್ರಕಟಿಸಿದರು. ಸುಮ್ನೆ ಪರಚಾಡುತ್ತಿದ್ದ ಬೆಕ್ಕಿನ ಕಾಲು ಒಮ್ಮೆ ಆಕಸ್ಮಿಕವಾಗಿ ಸರಿಯಾದ ಜಾಗಕ್ಕೆ ತಾಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ, ಊಟ ಸಿಗುತ್ತದೆ. ಮತ್ತೆ ಮತ್ತೆ ಹಾಗಾದಾಗ ಹೊರಬರುವ ಹೊತ್ತು ಕಡಿಮೆಯಾಗುತ್ತಾ ಹೋಯಿತು. ಒಳ್ಳೆಯ ಫಲ ಕೊಟ್ಟ ಕೆಲಸ ಮತ್ತೆ ನಡೆಯುತ್ತದೆ, ಅಷ್ಟೇ. ಆದರೆ ಫಲ ತಡವಾದರೆ ಅದು ಯಾವ ಕೆಲಸಕ್ಕೆ ಸಿಕ್ಕಿದ್ದು ಅಂತ ಪ್ರಾಣಿಗೆ ಗೊತ್ತಾಗುವುದಿಲ್ಲ. ಒಂದು ಸೆಕೆಂಡಿನ ಒಳಗೆ ಉತ್ತರ ಬಂದರೆ ಚೆನ್ನ.

ಹಾಗಾಗಿ ಮೊದಲು ಕೊಳ್ಳಬೇಕಾದ್ದು ಸೊಂಟಕ್ಕೆ ಕಟ್ಟುವ ತಿಂಡಿ ಚೀಲ. ಬಾಯಿ ಅಗಲ ಇರಬೇಕು, ನೋಡದೆಯೇ ಕೈ ಒಳಗೆ ಹೋಗಿ ಹೊರಗೆ ಬರಬೇಕು. ಜಿಪ್ ಇರುವುದು ಬೇಡ. ಒಳಗಿನ ಬಟ್ಟೆ ತೊಳೆಯಲು ಬರುವಂತಿರಲಿ, ಯಾಕೆಂದರೆ ಎರಡೇ ದಿನಕ್ಕೆ ಅದು ನಾರುತ್ತದೆ.

ಚೀಲದೊಳಗಿನ ತಿಂಡಿ ಬಟಾಣಿ ಕಾಳಿನಷ್ಟು ಇದ್ದರೆ ಸಾಕು, ಪುಟ್ಟ ನಾಯಿಗಾದರೆ ಅದಕ್ಕಿಂತ ಸಣ್ಣದು. ಮೆತ್ತಗಿರಲಿ. ಗಟ್ಟಿ ಬಿಸ್ಕತ್ತು ಕೊಟ್ಟರೆ ನಾಯಿ ಕಟಕಟ ಅಗಿಯುತ್ತಾ ನಿಲ್ಲುತ್ತದೆ, ಪುಡಿ ನೆಲಕ್ಕೆ ಬೀಳುತ್ತದೆ, ಆಮೇಲೆ ಅದರ ಗಮನವೆಲ್ಲ ನೆಲದ ಮೇಲೆ. ಬೇಯಿಸಿದ ಕೋಳಿಯ ಚೂರು ಗುಳುಂ ಅಂತ ಇಳಿದುಬಿಡುತ್ತದೆ, ನಾಯಿ ಮತ್ತೆ ನಿಮ್ಮ ಮುಖ ನೋಡುತ್ತದೆ. ಮನೆಯೊಳಗಿನ ಸುಲಭದ ಪಾಠಕ್ಕೆ ದಿನದ ಒಣ ಆಹಾರದ ಕಾಳುಗಳೇ ನಡೆಯುತ್ತವೆ. ಹೊರಗೆ ಅಳಿಲು ಓಡುತ್ತಿರುವಾಗ ಕರೆದರೆ ಬರಬೇಕು ಅಂದರೆ ಮಾತ್ರ ಅದಕ್ಕೆ ತಕ್ಕ ರುಚಿ ಬೇಕು. ಇಂಥ ತಿಂಡಿಯಿಂದ ಬರುವ ಕ್ಯಾಲೊರಿ ದಿನದ ಒಟ್ಟಿನಲ್ಲಿ ಶೇ. 10 ದಾಟಬಾರದು ಎನ್ನುವುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿದ ತಿನಿಸು ಇನ್ನೂ ಅಪಾಯ, ರಕ್ತದ ಸಕ್ಕರೆ ಸರ್ರನೆ ಇಳಿದುಬಿಡುತ್ತದೆ.

ಇನ್ನು ಕ್ಲಿಕ್ಕರ್. ಬೆರಳಷ್ಟು ಉದ್ದದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೆಳ್ಳಗಿನ ಉಕ್ಕಿನ ಪಟ್ಟಿ. ಒತ್ತಿದರೆ ಪಟ್ಟಿ ಬಾಗಿ ಟಿಕ್ ಅನ್ನುತ್ತದೆ, ಬಿಟ್ಟರೆ ಟಕ್. ಮೊದಮೊದಲು ಈ ಸದ್ದಿಗೆ ಅರ್ಥವೇ ಇಲ್ಲ. ಸದ್ದು ಮಾಡಿ ತಿಂಡಿ, ಸದ್ದು ಮಾಡಿ ತಿಂಡಿ, ಹೀಗೆ ಹತ್ತಾರು ಸಲ ಮಾಡಿದ ಮೇಲೆ ಸದ್ದು ಕೇಳಿದ ಕೂಡಲೇ ನಾಯಿಯ ತಲೆ ನಿಮ್ಮತ್ತ ತಿರುಗುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲಿ ತೋರಿಸಿದ್ದ ಜೋಡಣೆಯೇ ಇದು. ಇಷ್ಟಾದರೆ ತಿಂಡಿ ಬಾಯಿಗೆ ತಲುಪಲು ಎರಡು ಮೂರು ಸೆಕೆಂಡು ಹಿಡಿದರೂ ಚಿಂತೆಯಿಲ್ಲ. ಹಿಂಭಾಗ ನೆಲಕ್ಕೆ ತಾಗಿದ ಕ್ಷಣಕ್ಕೇ ಟಿಕ್ ಬಿತ್ತಲ್ಲ, ಬಹುಮಾನ ಅದಕ್ಕೇ ಅಂತ ನಾಯಿಗೆ ತಿಳಿದಿರುತ್ತದೆ.

ಈ ಉಪಾಯ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1951ರ ಒಂದು ಲೇಖನದಲ್ಲೇ ಮಕ್ಕಳ ಟಿಕ್‌ಟಿಕ್ ಆಟಿಕೆಯನ್ನು ಹೀಗೆ ಬಳಸಬಹುದು ಎಂದಿದ್ದರು. ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಸೀಟಿಯಿಂದ ಕಲಿಸುತ್ತಿದ್ದ ಕರೆನ್ ಪ್ರಯರ್ 1990ರ ದಶಕದಲ್ಲಿ ಇದನ್ನು ನಾಯಿ ಸಾಕುವವರ ನಡುವೆ ಜನಪ್ರಿಯ ಮಾಡಿದರು. ಡಾಲ್ಫಿನ್‌ಗೆ ಸರಪಳಿ ಹಾಕಿ ಎಳೆಯಲಾಗುವುದಿಲ್ಲ, ಇಷ್ಟವಿಲ್ಲದಿದ್ದರೆ ಅದು ಈಜಿಕೊಂಡು ದೂರ ಹೋಗುತ್ತದೆ. ಹಾಗಾಗಿ ಮನವೊಲಿಸಿ ಕಲಿಸುವುದೊಂದೇ ದಾರಿಯಾಗಿತ್ತು.

ಹಾಗಂತ ಕ್ಲಿಕ್ಕರ್ ಮಂತ್ರದಂಡವೇನೂ ಅಲ್ಲ. 2016ರಲ್ಲಿ ಇಟಲಿಯ ಸಂಶೋಧಕರು 51 ನಾಯಿಗಳನ್ನು ಮೂರು ಗುಂಪು ಮಾಡಿ ಒಂದಕ್ಕೆ ಕ್ಲಿಕ್ಕರ್, ಇನ್ನೊಂದಕ್ಕೆ ಬಾಯಿಮಾತು, ಮತ್ತೊಂದಕ್ಕೆ ಬರೀ ತಿಂಡಿ ಬಳಸಿ ಒಂದು ಡಬ್ಬಿ ತೆರೆಯಲು ಕಲಿಸಿದರು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೇನೋ ಕ್ಲಿಕ್ಕರ್‌ನ ದೊಡ್ಡ ಲಾಭ ಕಲಿಸುವವರಿಗೇ ಅನಿಸುತ್ತದೆ. ಕೈಯಲ್ಲಿ ಅದಿದ್ದರೆ ನಾವು ನಾಯಿಯನ್ನು ಕಣ್ಣಿಟ್ಟು ನೋಡುತ್ತೇವೆ, ಬಾಯಿ ಸುಮ್ಮನಿರುತ್ತದೆ. ಇಲ್ಲದಿದ್ದರೆ ನಾವು ವಟವಟ ಮಾತಾಡುತ್ತಲೇ ಇರುತ್ತೇವೆ. ಕ್ಲಿಕ್ಕರ್ ಬೇಡ ಅನ್ನುವವರು ಚಿಕ್ಕದೊಂದು ಪದ ಆರಿಸಿಕೊಳ್ಳಿ, ಪ್ರತಿ ಸಲ ಒಂದೇ ದನಿಯಲ್ಲಿ ಹೇಳಿ. ಸದ್ದಿಗೆ ಬೆಚ್ಚುವ ನಾಯಿಯಾದರೆ ಕ್ಲಿಕ್ಕರಿಗೆ ಬಟ್ಟೆ ಸುತ್ತಬಹುದು. ಕಿವಿ ಕೇಳದ ನಾಯಿಗೆ ಹೆಬ್ಬೆರಳು ಎತ್ತಿ ತೋರಿಸಿದರೂ ಆಯಿತು.

ಕೊರಳ ಪಟ್ಟಿಯ ವಿಷಯ ಬೇರೆ. ಅಲ್ಲಿ ಪ್ರಶ್ನೆ ಕುತ್ತಿಗೆಯದು. ಪಟ್ಟಿಯನ್ನು ಎಳೆದಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಗೆ ಹಾಕುವ ಹಾರ್ನೆಸ್ ಎಳೆದರೆ ಹಾಗೆ ಏರುವುದಿಲ್ಲ ಅಂತ 2006ರ ಅಧ್ಯಯನವೊಂದು ಅಳೆದು ತೋರಿಸಿದೆ. ಹೆಸರು ಬಿಲ್ಲೆ ತೂಗುಹಾಕಲು ಅಗಲವಾದ ಪಟ್ಟಿ ಇರಲಿ, ಹಗ್ಗ ಮಾತ್ರ ಹಾರ್ನೆಸ್‌ಗೆ ಕಟ್ಟಿ. ಮುಂಗಾಲು ಚಾಚಲು ಅಡ್ಡ ಬರದ ವಿನ್ಯಾಸ ನೋಡಿ ತನ್ನಿ. ಎದೆಯ ಮೇಲೂ ಒಂದು ಉಂಗುರ ಇದ್ದರೆ ಎಳೆಯುವ ನಾಯಿ ತಾನಾಗಿ ನಿಮ್ಮ ಕಡೆ ತಿರುಗುತ್ತದೆ.

ಹಗ್ಗ ಎರಡು ಮೀಟರಿನದು ಸಾಕು. ಒತ್ತಿದರೆ ಉದ್ದವಾಗಿ ತಾನೇ ಸುತ್ತಿಕೊಳ್ಳುವ ಜಾತಿಯದು ನನಗೆ ಹಿಡಿಸದು. ಅದರ ಸ್ಪ್ರಿಂಗು ಯಾವಾಗಲೂ ತುಸು ಬಿಗಿ ಹಿಡಿದಿರುತ್ತದೆ, ಎಳೆದಷ್ಟೂ ದಾರಿ ಸಿಗುತ್ತದೆ ಅಂತ ನಾಯಿಗೆ ನಾವೇ ಪಾಠ ಹೇಳಿಕೊಟ್ಟ ಹಾಗೆ. ಕರೆದರೆ ಬರುವುದನ್ನು ಕಲಿಸಲು 5ರಿಂದ 10 ಮೀಟರಿನ ಉದ್ದ ಹಗ್ಗ ಬೇಕು. ಅದನ್ನು ಕೊರಳ ಪಟ್ಟಿಗೆ ಕಟ್ಟಲೇಬೇಡಿ. ಓಡಿದ ನಾಯಿ ಹಗ್ಗದ ಕೊನೆಗೆ ಬಂದು ಒಮ್ಮೆಲೇ ನಿಂತರೆ ಏಟೆಲ್ಲ ಕುತ್ತಿಗೆಗೆ.

ಉಸಿರು ಬಿಗಿಯುವ ಚೈನು, ಮುಳ್ಳಿನ ಪಟ್ಟಿ, ಕರೆಂಟ್ ಹೊಡೆಯುವ ಪಟ್ಟಿ ಈ ಸಾಮಾನುಗಳ ಸಾಲಿನಲ್ಲಿ ಇಲ್ಲ. ಪೋರ್ಚುಗಲ್‌ನ ತರಬೇತಿ ಶಾಲೆಗಳ 92 ನಾಯಿಗಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೈದು ಎಳೆದು ಕಲಿಸುವ ಕಡೆಯ ನಾಯಿಗಳು ತುಟಿ ನೆಕ್ಕುವುದು, ಆಕಳಿಸುವುದು ಮುಂತಾದ ಒತ್ತಡದ ಲಕ್ಷಣಗಳನ್ನು ಹೆಚ್ಚು ತೋರಿಸಿದವು. ತರಬೇತಿಯ ನಂತರ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕೂಡ ಜಾಸ್ತಿ ಏರಿತ್ತು.

ಒಂದು ಚಾಪೆ, ಜಗ್ಗಾಡಲು ಒಂದು ಆಟಿಕೆ ಇದ್ದರೆ ಒಳ್ಳೆಯದು. ಕೆಲವು ನಾಯಿಗಳಿಗೆ ತಿಂಡಿಗಿಂತ ಜಗ್ಗಾಟವೇ ದೊಡ್ಡ ಬಹುಮಾನ.

ಸ್ವಲ್ಪ ದಿನ ಕಳೆದ ಮೇಲೆ ಚೀಲದಿಂದಲೇ ಒಂದು ತರಲೆ ಶುರುವಾಗುತ್ತದೆ. ಸೊಂಟದಲ್ಲಿ ಚೀಲ ಕಂಡರೆ ನಾಯಿ ಶಿಸ್ತಿನ ಸಿಪಾಯಿ, ಕಾಣದಿದ್ದರೆ ನೀವು ಯಾರೋ ಅದು ಯಾರೋ. ಚೀಲವೇ ಒಂದು ಸೂಚನೆಯಾಗಿಬಿಟ್ಟಿರುತ್ತದೆ. ಇದಕ್ಕೆ ಎರಡು ಕೆಲಸ ಮಾಡಿ. ಪಾಠವಿಲ್ಲದ ಹೊತ್ತಲ್ಲೂ ಚೀಲ ಕಟ್ಟಿಕೊಂಡು ಓಡಾಡಿ. ಮನೆಯ ಕಪಾಟು, ಕಿಟಕಿಯ ಮೇಲಿನ ಡಬ್ಬಿಗಳಲ್ಲಿ ಸ್ವಲ್ಪ ಸ್ವಲ್ಪ ತಿಂಡಿ ಇಟ್ಟು, ಚೀಲವಿಲ್ಲದೆ ಕರೆದಾಗ ಬಂದರೆ ಟಿಕ್ ಮಾಡಿ ಅಲ್ಲಿಂದ ತೆಗೆದು ಕೊಡಿ. ಡಬ್ಬಿಯ ಮುಚ್ಚಳ ಮಾತ್ರ ಸಡಿಲವಾಗಿ ಇಟ್ಟಿರಿ.