ಮೊದಲು ಮಾತು, ಆಮೇಲೆ ಬೆಲ್ಲು

ಬೆಳಿಗ್ಗೆ ಮೀನಿನ ಸ್ಕೂಟರು ಹಾರ್ನ್ ಹೊಡೆದುಕೊಂಡು ಬಂದರೆ ಮಂಗಳೂರಿನ ಓಣಿಗಳಲ್ಲಿ ನಾಯಿಗಳಿಗೆ ಬೊಗಳಲು ಯಾರೂ ಕಲಿಸಬೇಕಾಗಿಲ್ಲ. ಒಂದು ಶುರು ಮಾಡಿದರೆ ಆಯಿತು, ಕಂಪೌಂಡಿನಿಂದ ಕಂಪೌಂಡಿಗೆ ಹಬ್ಬುತ್ತದೆ. ಹೀಗಿರುವಾಗ, ನಾವು ಹೇಳಿದಾಗ ಬೊಗಳುವುದನ್ನು ಬೇರೆ ಕಲಿಸಬೇಕಾ ಮಾರಾಯ್ರೆ ಅಂತ ಕೇಳಬಹುದು. ಕಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಬೊಗಳುವುದು ನಮ್ಮ ಮಾತಿನ ಹತೋಟಿಗೆ ಬಂದರೆ, ನಿಲ್ಲಿಸುವುದನ್ನು ಕಲಿಸುವುದೂ ಸುಲಭ.

ತೋಳಗಳೂ ಬೊಗಳುತ್ತವೆ, ಆದರೆ ಅಪರೂಪಕ್ಕೆ. ಮನುಷ್ಯರ ಜೊತೆ ಬಾಳುತ್ತಾ ಬಂದ ನಾಯಿಗೆ ಮಾತ್ರ ಎಲ್ಲದಕ್ಕೂ ಬೊಗಳು ಬೇಕು. ಹಂಗೇರಿಯ ಸಂಶೋಧಕರು ಬೇರೆ ಬೇರೆ ಸಂದರ್ಭದಲ್ಲಿ ಬೊಗಳಿದ್ದನ್ನು ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದರು. ಅಪರಿಚಿತರು ಬಂದದ್ದಕ್ಕೆ ಬೊಗಳಿದ್ದಾ, ಒಂಟಿಯಾಗಿ ಕಟ್ಟಿಹಾಕಿದ್ದಕ್ಕಾ ಅನ್ನುವುದನ್ನು ನಾಯಿ ಸಾಕದವರೂ ತಕ್ಕಮಟ್ಟಿಗೆ ಸರಿಯಾಗಿಯೇ ಹೇಳಿದರು.

ಪ್ರಾಣಿ ಏನೋ ಮಾಡಿತು, ಅದರ ಬೆನ್ನಿಗೇ ಒಳ್ಳೆಯದೊಂದು ಸಿಕ್ಕಿತು ಅಂದರೆ ಅದನ್ನೇ ಮತ್ತೆ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ಇದನ್ನು ತೋರಿಸಿದ್ದರು. ಆದರೆ ಬೊಗಳಿದಾಗೆಲ್ಲ ತಿಂಡಿ ಕೊಟ್ಟರೆ, ತಿಂಡಿಗಾಗಿ ದಿನವಿಡೀ ಬೊಗಳುವ ನಾಯಿ ತಯಾರಾಗುತ್ತದೆ ಅಷ್ಟೆ. ನಮಗೆ ಬೇಕಾದ್ದು ಬೊಗಳನ್ನು ಒಂದು ಮಾತಿಗೆ ಗಂಟು ಹಾಕುವುದು.

ಇಲ್ಲೇ ಹೆಚ್ಚಿನವರು ಎಡವುವುದು. ನಾಯಿ ಬೊಗಳಲಿ ಅಂತ ಬಾಗಿಲಿನ ಬೆಲ್ಲು ಬಾರಿಸಿ, ಅದು ಬೊಗಳುತ್ತಿರುವಾಗ ಜೊತೆಯಲ್ಲೇ ‘ಮಾತಾಡು, ಮಾತಾಡು’ ಅನ್ನುತ್ತಾರೆ. ಬೆಲ್ಲು ಎಲ್ಲವನ್ನೂ ಹೇಳಿಯಾಗಿದೆ, ನಮ್ಮ ಮಾತಿಗೆ ನಾಯಿ ಯಾಕೆ ಕಿವಿಗೊಡಬೇಕು? 1960ರ ದಶಕದ ಕೊನೆಯಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಕಾಮಿನ್ ಇಲಿಗಳಲ್ಲಿ ಇಂಥದ್ದನ್ನೇ ಕಂಡರು. ಒಂದು ಸೂಚನೆ ಆಗಲೇ ಪಕ್ಕಾ ಆಗಿದ್ದರೆ, ಅದರ ಜೊತೆಗೆ ಸೇರಿಸಿದ ಹೊಸ ಸೂಚನೆಯನ್ನು ಇಲಿಗಳು ಹೆಚ್ಚೇನೂ ಕಲಿಯಲಿಲ್ಲ.

ಹಾಗಾಗಿ ಮಾತು ಮೊದಲು ಬರಬೇಕು. ‘ಮಾತಾಡು’ ಅನ್ನಿ, ಒಂದು ಕ್ಷಣ ಬಿಡಿ, ಆಮೇಲೆ ಹೊರಗಿದ್ದವರು ಬೆಲ್ಲು ಒತ್ತಲಿ. ಬೊಗಳಿದ ಕೂಡಲೇ ಕಡಲೆ ಗಾತ್ರದ ಒಂದು ಚೂರು ಬಂಗುಡೆ. ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ಪೂರ್ತಿ ತೆಗೆದದ್ದು. ಒಣಮೀನು ಬೇಡ, ಅದರಲ್ಲಿ ಉಪ್ಪು ಜಾಸ್ತಿ. ಕೆಲವು ಸಲ ಹೀಗೆ ಮಾಡಿದ ಮೇಲೆ ಮಾತು ಮುಗಿಯುತ್ತಿದ್ದಂತೆ ನಾಯಿಯ ಕಿವಿ ನೆಟ್ಟಗಾಗುತ್ತದೆ. ಬಾಗಿಲು ನೋಡುತ್ತದೆ, ನಿಮ್ಮ ಕೈ ನೋಡುತ್ತದೆ, ಮತ್ತೆ ಬಾಗಿಲು. ಬೆಲ್ಲು ಇನ್ನೂ ಬಾರಿಸಿಲ್ಲ, ಅಷ್ಟರಲ್ಲಿ ತುಟಿ ಉಬ್ಬಿಸಿಕೊಂಡು ‘ವುಫ್’ ಅಂತ ಅರ್ಧ ಬೊಗಳು. ಅದಕ್ಕೇ ಮೀನು ಕೊಡಿ! ಪೂರ್ತಿ ಬೊಗಳು ಬರಲಿ ಅಂತ ಕಾಯಬೇಡಿ.

ಅಲ್ಲಿಂದ ಮುಂದೆ ಹೇಳದೆ ಬೊಗಳಿದ್ದಕ್ಕೆ ಏನೂ ಇಲ್ಲ. ನಾಯಿ ಇದನ್ನು ಸುಮ್ನೆ ಒಪ್ಪುವುದಿಲ್ಲ. ಇದುವರೆಗೆ ಕೆಲಸ ಮಾಡಿದ ಉಪಾಯ ಕೈಕೊಟ್ಟಾಗ ಬಿಡುವ ಮೊದಲು ಇನ್ನೂ ಜೋರಾಗಿ ಮಾಡಿ ನೋಡುವುದು ಪ್ರಾಣಿಗಳಲ್ಲಿ ಸಾಮಾನ್ಯ. ನಾವೂ ಲಿಫ್ಟ್ ಬರದಿದ್ದರೆ ಬಟನ್ನನ್ನು ಗುದ್ದುತ್ತೇವೆ, ಅಲ್ವಾ? ಪಕ್ಕದ ಮನೆಯ ಅಕ್ಕ ಏನಂದುಕೊಳ್ಳುತ್ತಾರೋ ಅಂತ ಆ ಹೊತ್ತಿಗೆ ಒಂದು ಚೂರು ಕೊಟ್ಟುಬಿಟ್ಟರೆ, ಜೋರಾಗಿ ಬೊಗಳಿದರೆ ಸಿಗುತ್ತದೆ ಅನ್ನುವ ಪಾಠವಾಗುತ್ತದೆ.

ನಿಲ್ಲಿಸಲು ಮತ್ತೊಂದು ಮಾತು, ‘ಸಾಕು’. ಎರಡು ಮೂರು ಸಲ ಬೊಗಳಿದ ಮೇಲೆ ‘ಸಾಕು’ ಅಂದು, ಮೀನನ್ನು ಮೂಗಿನ ಹತ್ತಿರ ಹಿಡಿಯಿರಿ. ಮೂಸಲು ತೊಡಗಿದರೆ ಬೊಗಳು ತಾನಾಗಿ ನಿಲ್ಲುತ್ತದೆ. ಒಂದೆರಡು ಕ್ಷಣದ ಆ ಮೌನಕ್ಕೆ ಮೀನು ಕೊಡಿ. ನಿಧಾನಕ್ಕೆ ಆ ಹೊತ್ತನ್ನು ಹೆಚ್ಚಿಸುತ್ತಾ ಹೋಗಿ.

ಬಾಲ ಒಳಗೆ ಎಳೆದುಕೊಂಡು, ಹಿಂದೆ ಸರಿಯುತ್ತಾ ಬೊಗಳುವ ನಾಯಿಗೆ ಮಾತ್ರ ಈ ಆಟ ಬೇಡ. ಅದು ಹೆದರಿದೆ. ಭೂತಕೋಲದ ರಾತ್ರಿ ಗರ್ನಾಲು ಪಟಾಕಿಯ ಸದ್ದಿಗೆ ನಡುಗುತ್ತಿರುವ ನಾಯಿಗೆ ‘ಸಾಕು’ ಅಂದರೆ ಏನು ಪ್ರಯೋಜನ? ಅದನ್ನು ಒಳಗೆ ಕರೆದು ಕಿಟಕಿ ಮುಚ್ಚುವುದೇ ಒಳ್ಳೆಯದು.

ಮನೆಯ ಜಗಲಿಯಲ್ಲಿ ಚೆನ್ನಾಗಿ ಕಲಿತ ನಾಯಿ ಪಣಂಬೂರು ಬೀಚಿಗೆ ಹೋದರೆ ‘ಮಾತಾಡು’ ಅಂದಾಗ ನಿಮ್ಮ ಮುಖ ನೋಡಬಹುದು. ಹಟವಲ್ಲ ಅದು. ನಾಯಿ ಮಾತಿನ ಜೊತೆಗೆ ಜಾಗ, ವಾಸನೆ, ಹೇಳಿದವರ ಭಂಗಿ ಎಲ್ಲವನ್ನೂ ಸೇರಿಸಿ ಕಲಿತಿರುತ್ತದೆ. ಮೊದಲು ಗೇಟಿನ ಹತ್ತಿರ, ಆಮೇಲೆ ರಸ್ತೆಯಲ್ಲಿ, ಕೊನೆಗೆ ಬೀಚಿನಲ್ಲಿ ಅದೇ ಪಾಠವನ್ನು ಶುರುವಿನಿಂದ ಮಾಡಿಸಬೇಕು. ಪ್ರತಿ ಹೊಸ ಜಾಗದಲ್ಲಿ ಹಿಂದಿನದಕ್ಕಿಂತ ಬೇಗ ಮುಗಿಯುತ್ತದೆ.