ಸೆಲ್: ಬೋರ್ಡು 64 ಬಿಟ್ಟಾದರೂ ಇದು 32 ಬಿಟ್ಟೇ

ಮೊನ್ನೆ ಬೂಟ್‌ಲೋಡರ್ (ಬೋರ್ಡು ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಡ್ರೈವರಿನ ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಓದುತ್ತಿದ್ದೆ. ವಿವರಣೆಯಲ್ಲಿ ಮತ್ತೆ ಅದೇ ಸಾಲು: "ಇದು 64 ಬಿಟ್ ಬೋರ್ಡ್, ಹಾಗಾಗಿ ಇಲ್ಲಿ ಸೆಲ್ 64 ಬಿಟ್ಟಿನದು." ಇದನ್ನು ಎಷ್ಟನೇ ಸಲ ಓದುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಡಿವೈಸ್ ಟ್ರೀ ಅಂದರೆ ಬೋರ್ಡಿನಲ್ಲಿ ಯಾವ ಸಾಧನ ಯಾವ ವಿಳಾಸದಲ್ಲಿದೆ ಎಂದು ತಂತ್ರಾಂಶಕ್ಕೆ ಹೇಳುವ ಮರದಾಕಾರದ ಪಟ್ಟಿ. ಅದರಲ್ಲಿ ಸಂಖ್ಯೆ ಬರೆಯುವ ಒಂದು ಮನೆಯೇ ಸೆಲ್, ಅದು 32 ಬಿಟ್. ಅದನ್ನು ಓದುವುದು ಪುಟ್ಟ ಚಿಪ್ಪೋ ಸರ್ವರ್ ಪ್ರೊಸೆಸರೋ ಎಂಬುದಕ್ಕೂ ಈ ಅಳತೆಗೂ ಸಂಬಂಧವಿಲ್ಲ. ವಿಳಾಸ ದೊಡ್ಡದಾದರೆ ಸೆಲ್ ಹಿಗ್ಗುವುದಿಲ್ಲ, ಪಕ್ಕಕ್ಕೆ ಇನ್ನೊಂದು ಸೆಲ್ ಬಂದು ಕೂರುತ್ತದೆ.

ಎರಡು ಸೆಲ್ಲಿನ ಟಾರ್ಚು ಅಂದಾಗ ಒಳಗೆ ಒಂದೇ ಉದ್ದನೆಯ ಸೆಲ್ ಇದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಡಿವೈಸ್ ಟ್ರೀಗೆ ಬಂದ ಕೂಡಲೇ ಈ ಸಾಮಾನ್ಯ ಜ್ಞಾನ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ಆದರೂ ಈ ಗೊಂದಲಕ್ಕೆ ಒಂದು ವಂಶಾವಳಿ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಮೂಲ ಲ್ಯಾಟಿನ್ನಿನ 'ಚೆಲ್ಲಾ', ಅಂದರೆ ಸಣ್ಣ ಕೋಣೆ. ಸನ್ಯಾಸಿಯ ಕೋಣೆ, ಜೈಲಿನ ಕೋಣೆ, 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ಚೂರಿನಲ್ಲಿ ಕಂಡ ಗೂಡುಗಳು, ಎಲ್ಲಕ್ಕೂ ಅದೇ ಹೆಸರು. ಕಂಪ್ಯೂಟರ್ ಕಡೆಗೆ ಬಂದರೆ, ಚಾರ್ಲ್ಸ್ ಮೂರ್ ರೂಪಿಸಿದ ಫೋರ್ತ್ ಭಾಷೆಯಲ್ಲಿ ಸ್ಟ್ಯಾಕಿನ (ಮೌಲ್ಯಗಳನ್ನು ಒಂದರ ಮೇಲೊಂದು ಪೇರಿಸುವ ಜಾಗ) ಒಂದು ಮನೆಗೆ ಸೆಲ್ ಅನ್ನುತ್ತಾರೆ. ಗಮನಿಸಬೇಕಾದದ್ದು ಇಲ್ಲೇ: ಫೋರ್ತ್‌ನ ಸೆಲ್‌ಗೆ ನಿಗದಿತ ಅಳತೆ ಇರಲಿಲ್ಲ. 16 ಬಿಟ್ ಯಂತ್ರದಲ್ಲಿ ಸಾಮಾನ್ಯವಾಗಿ 16, 32 ಬಿಟ್ ಯಂತ್ರದಲ್ಲಿ 32. ಸನ್ ಮೈಕ್ರೋಸಿಸ್ಟಮ್ಸ್‌ನ ಓಪನ್‌ಬೂಟ್ ಎಂಬ ಬೂಟ್ ತಂತ್ರಾಂಶ ಇದೇ ಫೋರ್ತ್ ಮೇಲೆ ನಿಂತಿತ್ತು. ಅದರಿಂದ ಬೆಳೆದ ಓಪನ್ ಫರ್ಮ್‌ವೇರ್ 1994ರಲ್ಲಿ ಐಇಇಇ 1275 ಎಂಬ ಮಾನದಂಡವಾಯಿತು. ಡಿವೈಸ್ ಟ್ರೀ ಹುಟ್ಟಿದ್ದು ಆ ಮನೆಯಲ್ಲಿ. ಅಲ್ಲಿ ಪ್ರಾಪರ್ಟಿಯೊಳಗೆ (ಸಾಧನದ ಒಂದೊಂದು ವಿವರ ಹೇಳುವ ಹೆಸರು-ಮೌಲ್ಯದ ಸಾಲು) ಬರೆಯುವ ಪೂರ್ಣಾಂಕಕ್ಕೆ 32 ಬಿಟ್, ಬಿಗ್-ಎಂಡಿಯನ್ (ದೊಡ್ಡ ಸ್ಥಾನದ ಬೈಟ್ ಮೊದಲು) ಎಂದು ಗೆರೆ ಎಳೆದರು. ಇವತ್ತಿನ ಡಿವೈಸ್ ಟ್ರೀ ನಿರ್ದಿಷ್ಟತೆಯಲ್ಲಿ ಫೋರ್ತ್ ಇಲ್ಲ. ಸೆಲ್ ಎಂಬ ಹೆಸರು ಉಳಿದುಕೊಂಡಿತು, ಯಂತ್ರಕ್ಕೆ ತಕ್ಕಂತೆ ಅಗಲ ಬದಲಿಸುವ ಸ್ವಭಾವ ಹೋಯಿತು. ಪ್ಯಾಚ್ ಬರೆದವರು ಅರಿವಿಲ್ಲದೆ ಹಳೇ ಫೋರ್ತ್ ಮಾತಾಡುತ್ತಿದ್ದಾರೆ ಎಂದುಕೊಂಡು ಸಮಾಧಾನ ಮಾಡಿಕೊಳ್ಳಬಹುದು.

'#ಅಡ್ರೆಸ್-ಸೆಲ್ಸ್' ಎಂಬ ಪ್ರಾಪರ್ಟಿಯಲ್ಲಿನ # ಗುರುತಿಗೆ 'ಎಷ್ಟು' ಎಂದೇ ಅರ್ಥ. ಒಂದು ವಿಳಾಸಕ್ಕೆ ಎಷ್ಟು ಸೆಲ್ ಎಂದು ಹೇಳುತ್ತದೆಯೇ ಹೊರತು ಎಷ್ಟು ವಿಳಾಸ ಅಂತಲ್ಲ, ಸೆಲ್ ಎಷ್ಟು ಅಗಲ ಅಂತಲೂ ಅಲ್ಲ. ಗಾತ್ರಕ್ಕೆ ಇಂಥದೇ '#ಸೈಜ್-ಸೆಲ್ಸ್' ಇದೆ. ಅದನ್ನು ಬರೆದ ನೋಡ್‌ನ (ಮರದಲ್ಲಿ ಒಂದು ಸಾಧನದ ನಮೂದು) ಸ್ವಂತ 'ರೆಗ್'ಗೆ (ಸಾಧನದ ವಿಳಾಸ, ಗಾತ್ರ ಬರೆಯುವ ಪ್ರಾಪರ್ಟಿ) ಅದು ಅನ್ವಯಿಸುವುದಿಲ್ಲ, ಅದರ ಮಕ್ಕಳಿಗೆ ಮಾತ್ರ. ಅಜ್ಜನಿಂದ ಮೊಮ್ಮಗನಿಗೂ ಇಳಿಯುವುದಿಲ್ಲ: ತಂದೆ ಹೇಳದಿದ್ದರೆ ನಿರ್ದಿಷ್ಟತೆಯ ಪ್ರಕಾರ ವಿಳಾಸಕ್ಕೆ 2, ಗಾತ್ರಕ್ಕೆ 1.

ರಾಸ್ಪ್‌ಬೆರಿ ಪೈ 4ರ ಪಿಸಿಐ ಎಕ್ಸ್‌ಪ್ರೆಸ್ (ಹೊರಗಿನ ಸಾಧನ ಜೋಡಿಸುವ ಸಂಪರ್ಕಮಾರ್ಗ) ನೋಡ್ ತೆಗೆದು ನೋಡಿ. ಅದರ 'ರೇಂಜಸ್'ನ (ಒಂದು ಕಡೆಯ ವಿಳಾಸವನ್ನು ಇನ್ನೊಂದು ಕಡೆಯದಕ್ಕೆ ಹೊಂದಿಸುವ ಪ್ರಾಪರ್ಟಿ) ಒಂದು ನಮೂದಿನಲ್ಲಿ 7 ಸೆಲ್: ಪಿಸಿಐ ಕಡೆಯ ವಿಳಾಸಕ್ಕೆ 3, ಪ್ರೊಸೆಸರ್ ಕಡೆಯ ವಿಳಾಸಕ್ಕೆ 2, ಗಾತ್ರಕ್ಕೆ 2. ಮೊದಲ ಮೂರನ್ನು ಹೇಳಿದ್ದು ಆ ನೋಡೇ, ನಡುವಿನ ಎರಡನ್ನು ಹೇಳಿದ್ದು ಅದರ ತಂದೆ, ಕೊನೆಯ ಎರಡನ್ನು ಹೇಳಿದ್ದು ಮತ್ತೆ ಆ ನೋಡು. ನಡುವಿನ ಜೋಡಿಯಲ್ಲಿ ಮೊದಲ ಸೆಲ್ 6, ಎರಡನೆಯದು 0. ಮೊದಲ ಸೆಲ್ಲಿನ ಒಂದೊಂದಕ್ಕೂ 4 ಜಿಬಿ ಬೆಲೆ, ಹಾಗಾಗಿ ಒಟ್ಟು ಸೇರಿಸಿದರೆ 24 ಜಿಬಿ ಗೆರೆಯಲ್ಲಿ ಕೂತ ವಿಳಾಸ. ಇದನ್ನು 32 ಬಿಟ್ ವೇರಿಯಬಲ್‌ಗೆ ತುರುಕಿದರೆ ಮೇಲಿನ 6 ಉದುರಿ ಸೊನ್ನೆ ಉಳಿಯುತ್ತದೆ. ಆ ಬೋರ್ಡಿನಲ್ಲಿ ರ‍್ಯಾಮ್ ಶುರುವಾಗುವುದು ಸೊನ್ನೆಯಿಂದಲೇ. ಅಂದರೆ ಡ್ರೈವರ್ ಬರೆದದ್ದೆಲ್ಲ ಹೋಗಿ ಕೂರುವುದು ಮೆಮೊರಿಯಲ್ಲಿ. ಕ್ರ್ಯಾಶ್ ಆದರೆ ಅದೇ ಪುಣ್ಯ.

ಯೂ-ಬೂಟ್ ಎಂಬ ಬೂಟ್‌ಲೋಡರ್‌ನಲ್ಲಿ ಇದರ ಉಲ್ಟಾ ತಪ್ಪೂ ನಡೆಯುತ್ತದೆ. ಅಲ್ಲಿನ 'ಎಫ್‌ಡಿಟಿಡೆಕ್_ಗೆಟ್_ಅಡ್ರ್' ಎಂಬ ಹಳೆಯ ಫಂಕ್ಷನ್ ತಂದೆ ನೋಡನ್ನು ಕೇಳುವುದೇ ಇಲ್ಲ. ಬಿಲ್ಡ್ ಮಾಡುವಾಗ ವಿಳಾಸದ ಟೈಪ್ ಎಷ್ಟು ಅಗಲವಿತ್ತೋ ಅಷ್ಟು ಸೆಲ್ ಎಂದು ಅದೇ ತೀರ್ಮಾನಿಸಿಬಿಡುತ್ತದೆ. ಯಂತ್ರಗಳನ್ನು ತಂತ್ರಾಂಶದಲ್ಲೇ ಅನುಕರಿಸುವ ಕ್ಯೂಎಮುವಿನ, ರಿಸ್ಕ್-ವಿ ಪ್ರೊಸೆಸರಿನ 'ವರ್ಟ್' ಯಂತ್ರದ ಸೀರಿಯಲ್ ಪೋರ್ಟಿನ 'ರೆಗ್' ನಾಲ್ಕು ಸೆಲ್: 0, 10000000, 0, 100, ಎಲ್ಲ ಹೆಕ್ಸ್ (16ರ ಆಧಾರದ ಸಂಖ್ಯೆ). ಇದನ್ನು ಒಂದು ಸೆಲ್ ವಿಳಾಸ, ಒಂದು ಸೆಲ್ ಗಾತ್ರ ಎಂದು ಓದಿದರೆ ಪೋರ್ಟು ಸೊನ್ನೆಯಲ್ಲಿದೆ, ಗಾತ್ರ 256 ಎಂಬಿ! ತಂದೆಯನ್ನು ಕೇಳಿ ಓದುವ 'ಆಟೋ_ಪೇರೆಂಟ್' ಜಾತಿಯ ಫಂಕ್ಷನ್‌ಗಳು ಬಂದದ್ದು ಇದಕ್ಕೇ. ಹೊಸ ಡ್ರೈವರ್ ಬರೆಯುವವರು ಅದನ್ನೂ ಮುಟ್ಟಬೇಕಿಲ್ಲ, 'ಡೆವ್_ರೀಡ್_ಅಡ್ರ್' ಸಾಕು.

ಕೆಲವರಿಗೆ ಕೈಯಿಂದಲೇ ಜೋಡಿಸುವ ಚಟ. ಮಾಡಿ, ಆದರೆ ಎರಡು ಸೆಲ್‌ಗಳ ಮೇಲೆ 64 ಬಿಟ್ ಪಾಯಿಂಟರ್ ಇಟ್ಟು ಓದಬೇಡಿ. ಪ್ರಾಪರ್ಟಿಗಳು 4 ಬೈಟ್ ಗಡಿಗೆ ಹೊಂದಿಕೊಂಡಿರುತ್ತವೆ, 8ರ ಗಡಿಯ ಭರವಸೆ ಇಲ್ಲ. ಒಂದೊಂದೇ ಸೆಲ್ ತೆಗೆದು, ಬಿಗ್-ಎಂಡಿಯನ್ನಿಂದ ತಿರುಗಿಸಿ, ಮೊದಲನೆಯದನ್ನು 64 ಬಿಟ್‌ಗೆ ಅಗಲಿಸಿ ಆಮೇಲೆ 32 ಸ್ಥಾನ ಎಡಕ್ಕೆ ಸರಿಸಿ. ಅಗಲಿಸದೆ ಸರಿಸಿದರೆ ಏನಾಗುತ್ತದೆಂದು ಸಿ ಭಾಷೆಯೇ ಹೇಳುವುದಿಲ್ಲ, ಅದು ಅನಿರ್ದಿಷ್ಟ ವರ್ತನೆ.

ಮೇಲಿನ ಪ್ಯಾಚ್‌ನಲ್ಲಿ ಇವೆಲ್ಲಕ್ಕಿಂತ ನಾಜೂಕಾದ ಒಂದು ತಪ್ಪಿತ್ತು. ವಿಳಾಸ ಸಿಗದಿದ್ದರೆ 'ಡೆವ್_ರೀಡ್_ಅಡ್ರ್' ಕೊಡುವುದು 'ಎಫ್‌ಡಿಟಿ_ಅಡ್ರ್_ಟಿ_ನನ್', ಅಂದರೆ ಎಲ್ಲ ಬಿಟ್ಟೂ 1. ಪ್ಯಾಚ್ ಬರೆದವರು ಉತ್ತರವನ್ನು 'ಯು32'ನಲ್ಲಿ (32 ಬಿಟ್ ವೇರಿಯಬಲ್) ಹಿಡಿದು ಆ ನನ್ ಜೊತೆ ಹೋಲಿಸಿದ್ದರು. ವಿಳಾಸದ ಟೈಪ್ 64 ಬಿಟ್ ಇರುವ ಬಿಲ್ಡ್‌ನಲ್ಲಿ ಎಡಗಡೆ 32 ಒಂದುಗಳು, ಬಲಗಡೆ 64. ಹೋಲಿಸುವಾಗ ಕಂಪೈಲರ್ ಎಡಗಡೆಯದಕ್ಕೆ ಮೇಲಿನಿಂದ ಸೊನ್ನೆ ತುಂಬುತ್ತದೆ, ಹಾಗಾಗಿ ಎರಡೂ ಎಂದೂ ಸಮವಾಗುವುದಿಲ್ಲ. ನೋಡ್‌ನಲ್ಲಿ 'ರೆಗ್' ಇಲ್ಲದೇ ಹೋದರೂ ಡ್ರೈವರ್ ಎಲ್ಲ ಸರಿಯಿದೆ ಎಂದು ಮುಂದಕ್ಕೆ ಹೋಗಿ, 4 ಜಿಬಿಯ ಕೊಟ್ಟಕೊನೆಯ ಬೈಟನ್ನು ರಿಜಿಸ್ಟರ್ (ಸಾಧನವನ್ನು ನಿಯಂತ್ರಿಸುವ ಜಾಗ) ಎಂದುಕೊಂಡು ತಟ್ಟುತ್ತದೆ. ವಿವರಣೆಯ ಸಾಲಿನಲ್ಲಿ 64 ಬಿಟ್ ಸೆಲ್ ಎಂದು ಘೋಷಿಸಿದವರ ಕೋಡ್‌ನಲ್ಲಿ ವೇರಿಯಬಲ್ ಮಾತ್ರ 32 ಬಿಟ್ಟಿನದು. ಟೈಪನ್ನು 'ಎಫ್‌ಡಿಟಿ_ಅಡ್ರ್_ಟಿ' ಮಾಡಿ, ವಿವರಣೆಯ ಆ ಸಾಲು ಅಳಿಸಿ ಎಂದು ಬರೆದು ಕಳಿಸಿದೆ. ಮರುದಿನ ಎರಡನೇ ಆವೃತ್ತಿ ಬಂತು. ಟೈಪ್ ಸರಿಹೋಗಿದೆ, ಸಾಲು ಹಾಗೇ ಇದೆ.